ಒಂದೇ ಸಲ ಕೇಳುವ ಮಾತು

ಹಾಸಿಗೆಯ ಗವಸು ಬಿಚ್ಚುವ ಮೊದಲು ಹತ್ತಿ ಹಿಂಜುವ ಪಿಂಜಾರರು ಒಂದು ಮಾತು ಕೇಳುತ್ತಾರೆ.

"ಇದ್ದವರದ್ದೋ, ಹೋದವರದ್ದೋ?"

ಇದ್ದವರದ್ದು ಅಂದರೆ ಕತ್ತರಿ ಹಾಕುತ್ತಾರೆ. ಹೋದವರದ್ದು ಅಂದರೆ ಮುಟ್ಟುವುದಿಲ್ಲ. ಸತ್ತವರ ಹಾಸಿಗೆ ಬೆಂಕಿಗೆ ಸೇರಿದ್ದು. ಅದನ್ನು ಹಿಂಜಿ, ಹೊಸ ಗವಸಿಗೆ ತುಂಬಿ ಇನ್ನೊಬ್ಬರ ಬೆನ್ನಡಿ ಹಾಸಬಾರದು. ಮೂಡಿಗೆರೆ ಸುತ್ತಲಿನ ತೋಟಗಳಲ್ಲಿ ಬಂಗಲೆಯವರಿಂದ ಹಿಡಿದು ಕೂಲಿಯವರ ಲೈನಿನ ತನಕ ಎಲ್ಲರಿಗೂ ಇದು ಗೊತ್ತು.

ಇದಕ್ಕೆ ಇನ್ನೊಂದು ಕಟ್ಟು ಇತ್ತು. ಆ ಮಾತನ್ನು ಒಂದೇ ಸಲ ಕೇಳಬೇಕು. ಎರಡನೇ ಸಲ ಕೇಳಿದರೆ ಆ ಮನೆಯವರನ್ನು ಸುಳ್ಳುಗಾರರು ಅಂದ ಹಾಗೆ. ಹಾಗೆ ಕೇಳಿದ ಪಿಂಜಾರನಿಗೆ ಆ ಮನೆ ತಪ್ಪಿತು, ಅವರ ನೆಂಟರ ಮನೆಗಳೂ ತಪ್ಪಿದವು.

ರೌಶನ್ ಬೀ ಒಂದೇ ಸಲ ಕೇಳಿದಳು. ಅದೇ ಅವಳ ಎದೆ ತಿಂದಿತು.

ಅವಳ ಗಂಡ ತಯ್ಯಬ್ ಹತ್ತಿ ಹಿಂಜುವ ಬಿಲ್ಲನ್ನು ಹೆಗಲ ಮೇಲೆ ಹೊತ್ತು ತೋಟದಿಂದ ತೋಟಕ್ಕೆ ನಡೆದು ಹಾಸಿಗೆ ಮಾಡಿದವನು. ಕಾಫಿ ಕೊಯ್ಲು ಮುಗಿಯಬೇಕು, ಮಳೆ ಹಿಡಿಯಬಾರದು. ನಡುವಿನ ಆ ಬಿಸಿಲಷ್ಟೇ ಪಿಂಜಾರರ ಕಾಲ. ಮಳೆ ಕೂತರೆ ಹತ್ತಿ ನೀರು ಕುಡಿದು ಕಲ್ಲಾಗುತ್ತದೆ. ಆ ಕೆಲವು ತಿಂಗಳ ದುಡಿಮೆಯಲ್ಲಿ ಇಡೀ ವರ್ಷ ಉಣ್ಣಬೇಕು. ಹಾಗೆ ದುಡಿದೇ ಅವನು ರಸ್ತೆ ಬದಿಯಲ್ಲಿ ಒಂದು ಸೂರು ಮಾಡಿದ. ಮುಂದಿನ ಕೋಣೆ ಅಂಗಡಿ, ಹಿಂದಿನದು ಮನೆ. ಸೂರು ಆದ ಮೇಲೆ ಅವನ ಎದೆ ಕಟ್ಟಿತು. ಉಸಿರು ಎಳೆದರೆ ಒಳಗೆ ಬೆಕ್ಕಿನ ಮರಿ ಕೂಗಿದಂತೆ ಸದ್ದು. ಔಷಧಿಗೆ ಅಂತ ರೌಶನ್ ಬೀ ಅದೇ ಸೂರನ್ನು ಚನ್ನಕೇಶವ ಸಾಹುಕಾರರಿಗೆ ಅಡವಿಟ್ಟಳು.

ಸಾಹುಕಾರರದ್ದು ದೇವರಮನೆ ಬೆಟ್ಟದ ಕಡೆ ಹೋಗುವ ದಾರಿಯಲ್ಲಿ ದೊಡ್ಡ ಎಸ್ಟೇಟು. ಅಡವಿನ ಪತ್ರಕ್ಕೆ ಅವಳ ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ಅವರು ನಗುನಗುತ್ತಾ ಹೇಳಿದ್ದರು.

"ತಯ್ಯಬ್‌ನಪ್ಪ ಮಾಡಿದ ಹಾಸಿಗೆ ಮೇಲೆ ಹುಟ್ಟಿದೋನು ಮಾರಾಯ್ತಿ ನಾನು. ಹೆದರ್ಬೇಡ. ಕೊಯ್ಲು ಮುಗಿದ್ಮೇಲೆ ವರ್ಷಕ್ಕೊಂದು ಕಂತು ಕೊಡು, ಸಾಕು. ಕಾಯಿಲೆ ಕಸಾಲೆ ಬಂತು ಅಂದ್ರೆ ನಾನೇನು ಕುತ್ತಿಗೆ ಮೇಲೆ ಕೂರೋನಲ್ಲ. ಕಾಯ್ತೀನಿ."

ಆ ಮಾತನ್ನು ಅವಳು ಬಂಗಾರದ ಹಾಗೆ ಗಂಟು ಕಟ್ಟಿಟ್ಟುಕೊಂಡಳು.

ತಯ್ಯಬ್ ಉಳಿಯಲಿಲ್ಲ. ಸಾಲ ಉಳಿಯಿತು. ಮಗಳು ತಾಹಿರಾ ಇನ್ನೂ ಲಂಗದ ಹುಡುಗಿ. ಪಿಂಜಾರರಲ್ಲಿ ಹೆಂಗಸರು ಗವಸು ಹೊಲಿಯುತ್ತಾರೆ, ಹತ್ತಿ ಸರಿಯದ ಹಾಗೆ ಟಾಕಾ ಹಾಕುತ್ತಾರೆ. ಬಿಲ್ಲು ಗಂಡಸರದ್ದು. ರೌಶನ್ ಬೀ ನಲವತ್ತು ದಿನದ ಫಾತಿಹಾ ಮುಗಿದ ಮಾರನೇ ದಿನ ಅಂಗಡಿ ಬಾಗಿಲು ತೆಗೆದು ಬಿಲ್ಲು ಇಳಿಸಿದಳು.

ಎದುರಿನ ಸೈಕಲ್ ಶಾಪಿನ ಅಹಮದ್ ನಕ್ಕ. "ಬಿಲ್ಲು ಹಿಡಿದ್ರೆ ಮೀಸೆ ಬರ್ತದೆ ನೋಡು ರೌಶನ್."

"ಬರ್ಲಿ. ಕತ್ತರಿಸಿ ದಿಂಬಿಗೆ ತುಂಬ್ತೀನಿ. ನಿಂಗೊಂದು ಬೇಕಾ?" ಅಂದಳು.

ಅವನು ಬಗ್ಗಿ ಚಕ್ರಕ್ಕೆ ಗಾಳಿ ಹೊಡೆಯತೊಡಗಿದ.

ಆಳುದ್ದದ ಬಿಲ್ಲು ಅದು. ಎಡಗೈಯಲ್ಲಿ ಎತ್ತಿ ಹಿಡಿಯಬೇಕು. ಅದಕ್ಕೆ ಬಿಗಿದ ನರದ ಹುರಿಯನ್ನು ಹತ್ತಿಯ ರಾಶಿಗೆ ತಾಗಿಸಿ ಬಲಗೈಯ ಮರದ ಕೊಡತಿಯಿಂದ ಹೊಡೆಯಬೇಕು. ಟಂಯ್ ಅಂದ ಕೂಡಲೇ ಗಂಟು ಒಡೆದು ಹತ್ತಿ ಹಾರುತ್ತದೆ. ಹತ್ತಿಯ ಜತೆ ಧೂಳೂ ಹಾರುತ್ತದೆ. ವರ್ಷಗಟ್ಟಲೆ ಯಾರದೋ ಬೆವರು, ಉಚ್ಚೆ, ಜೊಲ್ಲು, ಕೂದಲು ಕುಡಿದು ಒಣಗಿದ ಧೂಳು. ಗಾಳಿಗೆ ಹತ್ತಿ ಹಾರಿಹೋಗುತ್ತದೆ ಅಂತ ಬಾಗಿಲು ಮುಚ್ಚಿಕೊಂಡೇ ಹಿಂಜಬೇಕು. ಮೂಗಿಗೆ ಸೆರಗು ಕಟ್ಟಿದರೂ ಸಂಜೆಗೆ ಉಗುಳಿದರೆ ಕಪ್ಪು. ಮೊದಲ ವರ್ಷ ಅವಳ ಎಡ ಹೆಗಲು ಇಳಿದುಹೋಯಿತು. ಅಂಗೈಯ ಬೊಕ್ಕೆ ಒಡೆದು ರೊಟ್ಟಿ ತಟ್ಟಲಾಗಲಿಲ್ಲ. ಆಮೇಲೆ ಹೆಗಲೂ ಗಟ್ಟಿಯಾಯಿತು, ಅಂಗೈಯೂ ಗಟ್ಟಿಯಾಯಿತು. ಗಟ್ಟಿಯಾಗದೆ ಉಳಿದದ್ದು ಎದೆ ಒಂದೇ. ಆದರೂ ಒಂದು ವರ್ಷವೂ ಕಂತು ತಪ್ಪಿಸಲಿಲ್ಲ. ತಾಹಿರಾ ದೊಡ್ಡವಳಾದಳು. ಪೇಟೆಯಲ್ಲಿ ರವಿಕೆ ಹೊಲಿಯುವುದು ಕಲಿತಳು. ಸಾಲ ಬಾಲಕ್ಕೆ ಬಂದಿತ್ತು.

ಎಪ್ಪತ್ತೊಂಬತ್ತನೇ ಇಸವಿಯಲ್ಲಿ, ಕಾಫಿ ಹೂ ಉದುರಿದ ಮೇಲೆ, ಸಾಹುಕಾರರ ಹೆಂಡತಿ ಸಾವಿತ್ರಮ್ಮನ ಜೀಪು ಅಂಗಡಿ ಮುಂದೆ ನಿಂತಿತು. ಹಿಂದೆ ಕೂತಿದ್ದ ಪಾಪಮ್ಮ ಒಂದು ದೊಡ್ಡ ಹಾಸಿಗೆಯನ್ನು ತಲೆ ಮೇಲೆ ಹೊತ್ತು ಇಳಿದಳು. ಪಾಪಮ್ಮ ಲೈನಿನವಳು, ಬಂಗಲೆಯ ಹಿತ್ತಿಲ ಕೆಲಸಕ್ಕಿದ್ದವಳು. ಬಂದಾಗಲೆಲ್ಲ "ಏನ್ ಬೂಬಮ್ಮ" ಅಂತ ಎಲೆಯಡಿಕೆಗೆ ಕೈಚಾಚುವವಳು ಅವತ್ತು ತಲೆ ಎತ್ತಲಿಲ್ಲ.

ಸಾವಿತ್ರಮ್ಮ ಜೀಪಿನಿಂದ ಇಳಿಯಲಿಲ್ಲ. "ಮಗಳ ಮದುವೆ ನಿಶ್ಚಯ ಆಯ್ತು ರೌಶನ್. ಲೈನಿನವ್ರಿಗೆಲ್ಲ ಮನೆಗೊಂದು ದಿಂಬು ಕೊಡೋಣ ಅಂತ ನಮ್ಮ ಸಾಹುಕಾರ್ರು. ಬಡವರು ಬಾಯ್ತುಂಬ ಹರಸ್ಲಿ. ಈ ಹಾಸಿಗೆ ಬಿಚ್ಚಿ ಅಷ್ಟಕ್ಕೂ ದಿಂಬು ಮಾಡ್ಬಿಡು."

ರೌಶನ್ ಬೀ ಕತ್ತರಿ ಕೈಗೆತ್ತಿಕೊಂಡು ಕೇಳಿದಳು. "ಇದ್ದವರದ್ದೋ ಅಮ್ಮ, ಹೋದವರದ್ದೋ?"

"ಅಯ್ಯೋ ಇದ್ದವರದ್ದೇ ಮಾರಾಯ್ತಿ. ಗೆಸ್ಟ್ ರೂಮಿಂದು."

ಪಾಪಮ್ಮ ಕಾಲ ಹೆಬ್ಬೆರಳಲ್ಲಿ ಮಣ್ಣು ಕೆರೆಯುತ್ತಿದ್ದಳು. ಜೀಪು ಹೋಯಿತು.

ತಾಹಿರಾ ಗವಸು ಮುಟ್ಟಿ ನೋಡಿದಳು. "ಅಮ್ಮ, ಗವಸು ಹೊಸದು. ಹೊಸ ಗವಸು ಹಾಕಿದ ಹಾಸಿಗೇನ ಯಾರಾದ್ರೂ ಬಿಚ್ಚಿಸ್ತಾರಾ? ಫಿನಾಯಿಲ್ ನಾತ ಬೇರೆ."

"ದೊಡ್ಡ ಮನೆ. ಅವ್ರಿಗೆ ಬಟ್ಟೆಗೇನು ಬರ?"

"ಇನ್ನೊಂದ್ಸಲ ಕೇಳ್ಬೇಕಿತ್ತು ನೀನು."

"ಅದು ಎರಡ್ಸಲ ಕೇಳೋ ಮಾತಲ್ಲ ಕಣೆ."

ಒಳಗಿನ ಹತ್ತಿ ಅಲ್ಲಲ್ಲಿ ಹಿಡಿಗಟ್ಟಿ ಕಂದು ಬಣ್ಣಕ್ಕೆ ತಿರುಗಿತ್ತು. ಬೆರಳಲ್ಲಿ ಉಜ್ಜಿದರೆ ಹಕ್ಕಳೆ ಪುಡಿಯಾಗಿ ಉದುರುತ್ತಿತ್ತು. ಯಾರೋ ಕಾಫಿ ಚೆಲ್ಲಿರಬೇಕು ಅಂದುಕೊಂಡಳು. ಕಾಫಿ ತೋಟದವರ ಹಾಸಿಗೆಯಲ್ಲಿ ಕಾಫಿ ಕಲೆ ಇರದೆ ಇನ್ನೇನು? ಬಾಗಿಲು ಮುಚ್ಚಿ ಹಿಂಜಿದಳು. ಆ ಹಕ್ಕಳೆಯೆಲ್ಲ ಹೊಗೆಯಂತೆ ಎದ್ದು ಕೋಣೆ ತುಂಬಿತು. ಲೈನಿನ ಮನೆಮನೆಗೂ ದಿಂಬಾಯಿತು. ಮದುವೆ ದಿನ ಬಂಗಲೆ ಅಂಗಳದಲ್ಲಿ ಕೂಲಿಯವರು ಸಾಲಾಗಿ ನಿಂತು ಕೈಯೊಡ್ಡಿ ತೆಗೆದುಕೊಂಡರು. ಹೊಸ ಗವಸಿನ ಬಿಳಿ ದಿಂಬು. ಪಟ್ಟಣದಿಂದ ಬಂದಿದ್ದ ಗಂಡಿನ ಕಡೆಯವರು ಸಾಹುಕಾರರ ಕೈ ದೊಡ್ಡದು ಅಂದರು.

ಎರಡನೇ ಮಳೆಗಾಲದ ಹೊತ್ತಿಗೆ ರೌಶನ್ ಬೀ ಕೆಮ್ಮಿದರೆ ನೆಲ ಹಿಡಿದು ಕೂರಬೇಕಾಗುತ್ತಿತ್ತು. ಸಂಜೆ ಹೊತ್ತು ಜ್ವರಕ್ಕೆ ಮೈ ಸುಡುತ್ತಿತ್ತು. ಮೊದಲು ಹತ್ತಿ ಕೆಮ್ಮು ಅಂದುಕೊಂಡಳು. ಆಮೇಲೆ ಸೆರಗಿನಲ್ಲಿ ಕೆಂಪು ಕಂಡಿತು. ಆಸ್ಪತ್ರೆ ಡಾಕ್ಟರು ಎದೆಯ ಫೋಟೋ ತೆಗೆಸಿ ಬೆಳಕಿಗೆ ಹಿಡಿದು ನೋಡಿದರು.

"ಹತ್ತಿ ಧೂಳು ನಿನ್ನೆದೇನ ಮೊದಲೇ ತಿಂದಿದೆ. ಅದರ ಮೇಲೆ ಟಿಬಿ ಕೂತಿದೆ. ಸೂಜಿ, ಮಾತ್ರೆ ಕೊಡ್ತೀನಿ, ವಾಸಿಯಾಗುತ್ತೆ. ಆದರೆ ಅಂಗಡಿ ಮುಚ್ಚು. ಬಿಲ್ಲು ಮುಟ್ಟಬಾರದು."

"ಅಂಗಡಿ ಅಡವಿದೆ ಸಾರ್. ಮುಚ್ಚಿದ್ರೆ ಕಂತು ಎಲ್ಲಿಂದ ಕಟ್ಲಿ?"

"ಅದಕ್ಕೆ ನನ್ನ ಹತ್ರ ಮಾತ್ರೆ ಇಲ್ಲಮ್ಮ" ಅಂದರು ಡಾಕ್ಟರು. ಕೆಟ್ಟ ಮನುಷ್ಯರಲ್ಲ. ನಿಜ ಹೇಳಿದರು.

ಅವಳು ಬಂಗಲೆಗೆ ನಡೆದಳು. ಗಂಟು ಕಟ್ಟಿಟ್ಟುಕೊಂಡ ಮಾತು ಬಿಚ್ಚುವ ದಿನ ಬಂತು ಅಂದುಕೊಂಡೇ ನಡೆದಳು. ಕಣದಲ್ಲಿ ಕಾಫಿ ಒಣಗುತ್ತಿತ್ತು. ಸಾಹುಕಾರರು ಜಗಲಿಯ ಕುರ್ಚಿಯಲ್ಲಿದ್ದರು. ಅವಳು ಕಾಯಿಲೆಯ ಹೆಸರು ಹೇಳಿದ ಕೂಡಲೇ ಹೆಗಲ ಟವೆಲ್ಲು ಮೂಗಿಗೆ ಹೋಯಿತು.

"ದೂರ ನಿಂತ್ಕೊ. ಇನ್ನೂ ದೂರ."

ಅವಳು ಮೆಟ್ಟಿಲಿಂದ ಅಂಗಳಕ್ಕಿಳಿದಳು. "ಈ ವರ್ಷದ ಕಂತು ಒಂದು ತಡೀರಿ ಸಾಹುಕಾರ್ರೆ. ಅಂಗಡಿ ಮುಚ್ತಿದೀನಿ. ತಾಹಿರಾ ರವಿಕೆ ಹೊಲೀತಾಳೆ. ಸ್ವಲ್ಪ ಸ್ವಲ್ಪ ತೀರಿಸ್ತೀವಿ. ಕಾಯಿಲೆ ಬಂದ್ರೆ ಕಾಯ್ತೀನಿ ಅಂತ ನೀವೇ ಅಂದಿದ್ರಿ."

"ಅಂದಿರ್ಬಹುದು. ಆಗ ನಿನ್ನ ಗಂಡ ಇದ್ದ." ಸಾಹುಕಾರರು ಟವೆಲ್ಲು ತೆಗೆಯದೆಯೇ ಮಾತಾಡಿದರು. "ನೋಡು, ಗೆಸ್ಟ್ ಹೌಸು ಕಟ್ಟಿಸ್ತಿದೀನಿ. ಅದಕ್ಕೆ ಬೇಕಾದ ಹಾಸಿಗೆಯೆಲ್ಲ ಮಾಡ್ಕೊಡು, ಅಡವಿನ ಪತ್ರ ನಿನ್ನ ಕೈಗೇ ಕೊಡ್ತೀನಿ. ಆಗಲ್ವಾ, ಮಳೆಗೆ ಮೊದ್ಲು ಜಾಗ ಬಿಡು. ನಂಗೂ ರಸ್ತೆ ಬದಿ ಒಂದು ಗೊಬ್ಬರದ ಗೋಡೌನ್ ಬೇಕು."

"ಬಿಲ್ಲು ಮುಟ್ಟಿದ್ರೆ ಸಾಯ್ತೀಯ ಅಂದಿದಾರೆ ಡಾಕ್ಟ್ರು."

"ನಿನ್ನ ಮಗಳಿಗೆ ಕೈ ಇಲ್ವಾ?"

ಅವಳು ತಿರುಗಿ ಗೇಟಿನ ತನಕ ಬಂದಳು. ಹಿಂದಿನಿಂದ ಸಾವಿತ್ರಮ್ಮನ ಕೂಗು ಕೇಳಿಸಿತು. "ಯಾರೇ ಅಲ್ಲಿ? ಅವಳು ನಿಂತ ಜಾಗಕ್ಕೆ ಫಿನಾಯಿಲ್ ಹಾಕ್ರೇ."

ಗಾಳಿ ಆ ನಾತವನ್ನು ಗೇಟಿನ ತನಕ ತಂದಿತು. ರೌಶನ್ ಬೀ ನಿಂತಳು. ಆ ನಾತವನ್ನು ಅವಳು ಬಲ್ಲಳು. ಹೊಸ ಗವಸಿನೊಳಗಿಂದ ಬಂದ ನಾತ ಅದು. ಈ ಮನೆಯಲ್ಲಿ ಯಾವುದಕ್ಕೆ ಫಿನಾಯಿಲ್ ಹಾಕುತ್ತಾರೆ ಅಂತ ಈಗ ಅವಳಿಗೆ ಗೊತ್ತಾಗಿತ್ತು.

ಮಾರನೇ ದಿನ ಸೂಜಿಗೆ ಆಸ್ಪತ್ರೆಗೆ ಹೋದರೆ ಬೆಂಚಿನ ತುದಿಯಲ್ಲಿ ಪಾಪಮ್ಮ ಕೂತಿದ್ದಳು. ಕೆನ್ನೆ ಒಳಗೆ ಹೋಗಿತ್ತು. ಸೆರಗು ಬಾಯಿಗೊತ್ತಿ ಕೆಮ್ಮುತ್ತಿದ್ದಳು. ಬಂಗಲೆಯ ಕೆಲಸದಿಂದ ಅವಳನ್ನು ಬಿಡಿಸಿ ತಿಂಗಳಾಗಿತ್ತಂತೆ.

ರೌಶನ್ ಬೀ ಪಕ್ಕದಲ್ಲಿ ಕೂತು ನೇರ ಕೇಳಿದಳು. "ಆ ಹಾಸಿಗೆ ಯಾರದ್ದು ಪಾಪಮ್ಮ?"

ಪಾಪಮ್ಮ ಆಚೆ ನೋಡಿದಳು. ಹಾಗೇ ಹೇಳಿದಳು.

"ದೊಡ್ಡ ಸಾಹುಕಾರ್ರದ್ದು."

ಅಂದರೆ ಚನ್ನಕೇಶವ ಸಾಹುಕಾರರ ಅಣ್ಣ ಪುಟ್ಟಸ್ವಾಮಿ. ಮದುವೆಯ ವರ್ಷ ಶಿವರಾತ್ರಿ ಹೊತ್ತಿಗೆ ಅವರು ಮಂಗಳೂರಿನಲ್ಲಿ ಎದೆನೋವಿಂದ ತೀರಿಕೊಂಡರು ಅಂತ ಸುದ್ದಿ ಬಂದಿತ್ತು. ರೌಶನ್ ಬೀಯೂ ಬಂಗಲೆ ಅಂಗಳದಲ್ಲಿ ನಿಂತು ಕಣ್ಣೊರೆಸಿಕೊಂಡು ಬಂದಿದ್ದಳು.

"ಮಂಗ್ಳೂರೂ ಇಲ್ಲ, ಎಂಥದೂ ಇಲ್ಲ" ಅಂದಳು ಪಾಪಮ್ಮ. "ಕಣದ ಹಿಂದಿನ ಕೋಣೇಲಿ ಇಟ್ಟಿದ್ರು. ಇದೇ ಕಾಯಿಲೆ. ಉಗುಳಿದ್ದು ಬಾಚಿದೋಳು ನಾನು. ಸಾಯೋ ದಿನ ಬಾಯಿಂದ ಬಳಬಳ ಬಂತು, ಹಾಸಿಗೆಯೆಲ್ಲ ಕುಡೀತು. ಮಗಳಿಗೆ ಗಂಡು ಗೊತ್ತಾಗಿತ್ತಲ್ಲ. ಈ ಕಾಯಿಲೆ ಮನೇಲಿದೆ ಅಂದ್ರೆ ಯಾರು ತಕಂತಾರೆ? ಹಾಸಿಗೆ ಸುಟ್ರೆ ಹೊಗೆ ಕಾಣ್ತದೆ. ಮಂಗ್ಳೂರಲ್ಲಿ ಸತ್ತವ್ರ ಹಾಸಿಗೆ ಇಲ್ಯಾಕೆ ಸುಡ್ತೀರಿ ಅಂತ ಊರು ಕೇಳ್ತದೆ. ಅದಕ್ಕೇ ನಿನ್ನ ಹತ್ರ ತಂದಿದ್ದು."

"ನೀನು ಅಲ್ಲೇ ನಿಂತಿದ್ದೆ. ನಾನು ಕೇಳ್ದಾಗ."

"ನಿಂತಿದ್ದೆ."

"ನನ್ನ ಎಲೆಯಡಿಕೆ ತಿಂದೋಳು ನೀನು. ಒಂದು ಕಣ್ಸನ್ನೆ ಮಾಡಿದ್ರೆ ಆಗ್ತಿತ್ತಲ್ಲೇ!"

"ಮಾಡಿದ್ರೆ ಲೈನಿಂದ ಆಚೆ ಹಾಕ್ತಿದ್ರು ಬೂಬಮ್ಮ. ಮಾಡ್ದೇ ಇದ್ರೂ ಹಾಕಿದ್ರು." ಪಾಪಮ್ಮ ಸೆರಗು ಬಿಡಿಸಿ ತೋರಿಸಿದಳು. ಅದರಲ್ಲೂ ಕೆಂಪು. "ನಂಗೂ ಒಂದು ದಿಂಬು ಕೊಟ್ರು. ಎಸೆಯೋಕೆ ಧೈರ್ಯ ಬರ್ಲಿಲ್ಲ. ನೋಡ್ತಾರೆ ಅಂತ ಮಲಗ್ದೆ."

ಒಳಗೆ ಹೋದಾಗ ರೌಶನ್ ಬೀ ಡಾಕ್ಟರನ್ನು ಕೇಳಿದಳು. ಹಾಸಿಗೆ ಧೂಳಿಂದ ಇದು ಬರುತ್ತದಾ? ಡಾಕ್ಟರು ಹೇಳಿದರು. "ಅದರಿಂದಲೇ ಬಂತು ಅಂತ ಬರೆದು ಕೊಡೋಕೆ ನನಗಾಗಲ್ಲ. ಆದರೆ ಅಂಥಾ ಹಾಸಿಗೇನ ಯಾರೂ ಹಿಂಜಬಾರದಿತ್ತು."

ಅಷ್ಟು ಸಾಕಿತ್ತು ಅವಳಿಗೆ. ಬಂದದ್ದು ಅದರಿಂದಲೋ ಗಾಳಿಯಿಂದಲೋ, ಅವಳು ಕೇಳಿದ್ದಕ್ಕೆ ಬಂದ ಉತ್ತರ ಸುಳ್ಳು. ಕೇಳಿದವಳು ಎರಡನೇ ಸಲ ಕೇಳುವುದಿಲ್ಲ ಅಂತ ಗೊತ್ತಿದ್ದೇ ಹೇಳಿದ ಸುಳ್ಳು. ಅವಳ ಮರ್ಯಾದೆಯನ್ನೇ ಹಿಡಿದು ಅವಳ ಕತ್ತು ಕೊಯ್ದಿದ್ದರು.

ಬಸ್ಸಿಳಿದು ಬರುವಾಗ ರಸ್ತೆಯಿಂದಲೇ ಕೇಳಿಸಿತು. ಟಂಯ್. ಟಂಯ್. ಅಂಗಡಿ ಬಾಗಿಲು ಮುಚ್ಚಿತ್ತು. ದೂಡಿದಳು. ಹತ್ತಿಯ ಮೋಡದ ನಡುವೆ ತಾಹಿರಾ ಮೂಗಿಗೆ ಸೆರಗು ಕಟ್ಟಿ ಬಿಲ್ಲು ಎತ್ತಿದ್ದಳು. ಎಡ ಹೆಗಲು ಆಗಲೇ ಇಳಿದಿತ್ತು. ಗೆಸ್ಟ್ ಹೌಸಿನ ಹತ್ತಿ ಮೂಟೆಗಳು ಗೋಡೆಗೊರಗಿದ್ದವು. ಸಾಹುಕಾರರ ಜೀಪು ಬಂದು ಇಳಿಸಿ ಹೋಗಿತ್ತು.

"ಇಟ್ಬಿಡು ಕೆಳಗೆ."

"ಇದೊಂದೇ ಕೆಲಸ ಅಮ್ಮ. ಮನೆ ಉಳೀತದೆ."

"ನಿಮ್ಮಪ್ಪನೂ ಇದೊಂದೇ, ಇದೊಂದೇ ಅಂತಿದ್ದ."

ರೌಶನ್ ಬೀ ಗವಸು ಕತ್ತರಿಸುವ ದೊಡ್ಡ ಕತ್ತರಿ ತಂದಳು. ಬಿಲ್ಲಿನ ನರವನ್ನು ಬೆರಳಲ್ಲಿ ಎಳೆದು ಕತ್ತರಿಸಿದಳು. ಬಿಗಿದಿದ್ದ ಮರ ಚಟಾರ್ ಅಂತ ನೆಟ್ಟಗಾಯಿತು. ನರದ ತುದಿ ಬೀಸಿ ಅವಳ ಕೆನ್ನೆಗೆ ಗೀರಿತು. ಅವಳು ಒರೆಸಿಕೊಳ್ಳಲಿಲ್ಲ.

"ಅಂಗಡಿ ಮುಚ್ತು" ಅಂದಳು.

"ಇನ್ನು ಮನೆ?"

"ಮನೆ ಬಿಡಲ್ಲ. ಹೊಲಿ, ನಾನು ಗುಂಡಿ ಹಚ್ತೀನಿ. ಕಂತು ಸಣ್ಣದಾಗ್ಲಿ, ಕೊಡ್ತೀವಿ. ಆದರೆ ಅದಕ್ಕೂ ಮೊದ್ಲು ಒಂದು ಕೆಲಸ ಬಾಕಿ ಇದೆ. ಎರಡು ವರ್ಷದ ಹಿಂದೇನೇ ಆಗ್ಬೇಕಿದ್ದದ್ದು."

ಆ ಭಾನುವಾರ ಬಂಗಲೆಯಲ್ಲಿ ಸಾಹುಕಾರರ ಮಗಳ ಸೀಮಂತ. ಗಂಡಿನ ಕಡೆಯವರೆಲ್ಲ ಬರುತ್ತಾರೆ ಅಂತ ಊರಿಗೆಲ್ಲ ಗೊತ್ತಿತ್ತು. ಬೆಳಿಗ್ಗೆ ರೌಶನ್ ಬೀ, ಪಾಪಮ್ಮ, ತಾಹಿರಾ ಲೈನಿಗೆ ಹೋದರು. ಮನೆಮನೆಯ ಬಾಗಿಲಲ್ಲಿ ನಿಂತು ಪಾಪಮ್ಮ ಹೇಳಿದಳು. ಎರಡು ವರ್ಷ ನುಂಗಿದ್ದನ್ನು ಒಂದೇ ಸಮ ಕಾರಿದಳು. ಕೆಲವರು ಅವಳಿಗೆ ಬೈದರು. ಒಬ್ಬಳು ಮುಖಕ್ಕೆ ಉಗಿದಳು. ಪಾಪಮ್ಮ ಒರೆಸಿಕೊಂಡು ಮುಂದಿನ ಮನೆಗೆ ಹೋದಳು.

ಮುದುಕ ರೇವಣ್ಣ ದಿಂಬನ್ನು ಎದೆಗೆ ಅವಚಿಕೊಂಡ. "ನಾ ಕೊಡಲ್ಲ ಹೋಗು. ಹುಟ್ಟಿದಾಗಿಂದ ಮರದ ತುಂಡಿನ ಮೇಲೆ ತಲೆ ಇಟ್ಟೋನು. ಇದೊಂದು ಕಂಡಿದೀನಿ ಮೆತ್ತಗಿಂದು."

"ಅದನ್ನ ತುಂಬಿದ್ದು ನಾನೇ ರೇವಣ್ಣ. ಒಳಗಿರೋದು ನಾ ಬಲ್ಲೆ. ಕೊಡು. ಹೊಸದು ಹೊಲಿಸ್ಕೊಡ್ತೀನಿ, ಎದುರಿಗೇ ತುಂಬಿ."

ಅವನು ಕೊಟ್ಟ. ಕೊಟ್ಟು ಕೈ ಬರಿದಾದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಹಿಂದೆಯೇ ಹೊರಟ.

ಪಕ್ಕದ ಮನೆಯ ಮುತ್ತಮ್ಮ ಒಳಗೆ ಹೋದಳು. ಹೋದ ಮಳೆಗಾಲದಲ್ಲಿ ಅವಳ ಕೂಸು ಕೆಮ್ಮಿ ಕೆಮ್ಮಿ ಸತ್ತಿತ್ತು. ತಲೆ ಇಟ್ಟ ಕುಳಿ ಹಾಗೇ ಇದೆ ಅಂತ ಆ ದಿಂಬನ್ನು ಅವಳು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಅದನ್ನೆತ್ತಿಕೊಂಡು ಎಲ್ಲರಿಗಿಂತ ಮುಂದೆ ನಡೆದಳು.

ಬಂಗಲೆ ಗೇಟಿನ ಎದುರು, ಸರ್ಕಾರದ ರಸ್ತೆಯ ಮೇಲೆ ದಿಂಬುಗಳ ರಾಶಿ ಬಿತ್ತು. ಮುತ್ತಮ್ಮನೇ ಕಡ್ಡಿ ಗೀರಿದಳು. ಹತ್ತಿ ಭಗ್ಗೆನ್ನುವುದಿಲ್ಲ. ಒಳಗೊಳಗೇ ಕೆಂಡವಾಗಿ ಕಪ್ಪು ಹೊಗೆ ಬಿಡುತ್ತದೆ. ಸುಟ್ಟ ಹಾಸಿಗೆಯ ಕಮಟು ನಾತ ಅದು. ಮಲೆನಾಡಿನಲ್ಲಿ ಹುಟ್ಟಿದ ಯಾರಿಗೂ ಅದು ಏನೆಂದು ಹೇಳಿಕೊಡಬೇಕಾಗಿಲ್ಲ. ಬಂಗಲೆಯೊಳಗಿನ ಸೋಬಾನೆ ನಿಂತಿತು. ಬಳೆ, ಹೂವು, ರೇಷ್ಮೆ ಸೀರೆಗಳು ಜಗಲಿಗೆ ಬಂದವು.

ಸಾಹುಕಾರರು ಪಂಚೆ ಎತ್ತಿ ಕಟ್ಟುತ್ತಾ ಓಡಿಬಂದರು. "ಏಯ್, ಏನ್ರೇ ಇದು? ಶುಭಕಾರ್ಯದ ಮನೆ ಮುಂದೆ ಹೆಣ ಸುಡ್ತೀರಾ? ರೌಶನ್, ನಾಳೆನೇ ಮನೆ ಖಾಲಿ ಮಾಡ್ಬೇಕು ನೀನು. ಪೊಲೀಸ್ ಕರೆಸ್ತೀನಿ!"

"ಕರೆಸಿ." ಉಸಿರು ಸಾಲದೆ ಅವಳು ನಿಂತು ನಿಂತು ಮಾತಾಡಿದಳು. "ಅಡವಿನ ಬಾಕಿ ನಾನು ಕೊಡ್ತೀನಿ. ಕೊಟ್ಟೇ ತೀರ್ತೀನಿ. ಮನೆ ಬಿಡಲ್ಲ. ನಿಮ್ಮ ಹತ್ತಿ ಮೂಟೆ ಅಂಗಡಿ ಮುಂದೆ ಇಟ್ಟಿದೀನಿ, ತಗೊಂಡೋಗಿ. ಬಿಲ್ಲಿನ ನರ ಕತ್ತರಿಸ್ದೆ. ನಮ್ಮ ಮನೇಲಿ ಇನ್ಯಾರೂ ನಿಮಗೆ ಹಾಸಿಗೆ ಹಿಂಜಲ್ಲ."

"ಈ ಲೈನಿನವರೆಲ್ಲ ಯಾಕೆ ಬಂದಿದೀರಿ? ನಡೀರಿ!"

ಯಾರೂ ಕದಲಲಿಲ್ಲ. ರೇವಣ್ಣ ಬೆಂಕಿಯ ಆಚೆ ನೆಲದ ಮೇಲೆ ಕೂತೇ ಬಿಟ್ಟ.

ಜಗಲಿಯಿಂದ ಒಬ್ಬ ವಯಸ್ಸಾದ ಹೆಂಗಸು ಇಳಿದು ಗೇಟಿಗೆ ಬಂದರು. ಗಂಡಿನ ತಾಯಿ ಶಂಕರಮ್ಮ. ಮಡಿಲು ತುಂಬಲು ತಂದ ಅಕ್ಕಿ ಇನ್ನೂ ಸೆರಗಿನಲ್ಲಿತ್ತು. ಅವರು ಬೆಂಕಿಯನ್ನು ನೋಡಿದರು, ಕೆಮ್ಮುತ್ತಿದ್ದ ಇಬ್ಬರು ಹೆಂಗಸರನ್ನು ನೋಡಿದರು.

"ಯಾರದ್ದಮ್ಮ ಇದು?"

"ನಾನು ಹಾಸಿಗೆ ಮಾಡೋಳು ತಾಯಿ. ಈ ಹತ್ತಿ ಇದ್ದವರದ್ದೋ, ಹೋದವರದ್ದೋ ಅಂತ ಒಂದ್ಸಲ ಕೇಳಿದ್ದೆ, ಸಾವಿತ್ರಮ್ಮೋರನ್ನೇ" ಅಂದಳು ರೌಶನ್ ಬೀ. "ನಾವು ಎರಡ್ಸಲ ಕೇಳಂಗಿಲ್ಲ. ನೀವು ಬೀಗರು. ನೀವು ಕೇಳಿ."

ಶಂಕರಮ್ಮ ತಿರುಗಿದರು. ಸಾವಿತ್ರಮ್ಮ ಜಗಲಿಯ ಕಂಬ ಹಿಡಿದು ನಿಂತಿದ್ದರು. ಪಕ್ಕದಲ್ಲಿ ತುಂಬಿದ ಬಸುರಿ ಮಗಳು, ತಾಯಿಯ ಮುಖವನ್ನೇ ನೋಡುತ್ತಿದ್ದಳು.

"ಸಾವಿತ್ರಮ್ಮ, ಇದ್ದವರದ್ದೋ, ಹೋದವರದ್ದೋ?"

"ಇದ್... ಇದ್ದವರದ್ದೇ. ಗೆಸ್ಟ್ ರೂಮಿಂದು. ಈ ಹೆಂಗಸ್ರ ಮಾತು ಕಟ್ಕೊಂಡು..."

ಮುತ್ತಮ್ಮ ಕೋಲಿನಿಂದ ಬೆಂಕಿ ಕೆದಕಿದಳು. ಹೊಗೆ ಜಗಲಿಯ ಕಡೆಗೆ ತಿರುಗಿತು.

ಶಂಕರಮ್ಮ ಸೆರಗಿನ ಅಕ್ಕಿಯನ್ನು ಗೇಟಿನ ಕಟ್ಟೆಯ ಮೇಲೆ ಸುರಿದರು. ಎರಡು ಹೆಜ್ಜೆ ಹತ್ತಿರ ಹೋದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, ಎರಡನೇ ಸಲ ಕೇಳಿದರು.